ಬೆಂಚಿನ ಮೇಲೆ ಈಜುವ ಭಾವ

ನಮ್ಮ ಭಾವನಷ್ಟು ಚೆನ್ನಾಗಿ ಈಜುವವರು ಕಡಬದ ಸುತ್ತಮುತ್ತ ಇನ್ನೊಬ್ಬರಿರಲಿಲ್ಲ. ಅವರಿಗೆ ಅದಕ್ಕೆ ನೀರು ಕೂಡ ಬೇಕಾಗುತ್ತಿರಲಿಲ್ಲ! ನಂಬಿಕೆ ಬಾರದಿದ್ದರೆ ಅವರು ಡ್ರಿಲ್ ಮಾಷ್ಟ್ರಾಗಿದ್ದ ಹೈಸ್ಕೂಲಿನಲ್ಲಿ ಕಲಿತ ಯಾರನ್ನಾದರೂ ಕೇಳಿ. ಬೆಂಚಿನ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ, ಕೈ ಹೀಗೆ ಬೀಸಬೇಕು, ಕಾಲು ಹೀಗೆ ಬಡಿಯಬೇಕು, ಉಸಿರು ಇಲ್ಲಿ ಬಿಡಬೇಕು ಎಂದು ಬಾಯಲ್ಲಿ ಸೀಟಿ ಕಚ್ಚಿಕೊಂಡೇ ತೋರಿಸಿಕೊಡುತ್ತಿದ್ದರು. ಅವರಲ್ಲಿ ಕಲಿತವರು ಈಗಲೂ ಬೆಂಚಿನ ಮೇಲೆ ಬಹಳ ಚೆಂದವಾಗಿ ಈಜುತ್ತಾರಂತೆ. ನೀರಿನ ವಿಷಯ ನನಗೆ ಗೊತ್ತಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಅವರಿಗೆ ಈಜು ಬರುವುದಿಲ್ಲ ಎಂಬ ಸತ್ಯ ಅಕ್ಕನಿಗೆ ಮದುವೆಯಾದ ತಿಂಗಳಲ್ಲೇ ತಿಳಿಯಿತು, ನನಗೆ ಮರುವರ್ಷ. ಹೊಳೆಗೆ ಮೀಯಲು ಹೋದವರು ಮೊಣಕಾಲಷ್ಟು ನೀರಿನಲ್ಲಿ ನಿಂತು, ಒಂದು ಕೈಯಲ್ಲಿ ಮರದ ಬೇರು ಹಿಡಿದು, ಇನ್ನೊಂದು ಕೈಯಲ್ಲಿ ಚೆಂಬಿನಿಂದ ತಲೆಗೆ ಹೊಯ್ದುಕೊಳ್ಳುವುದನ್ನು ನಾನು ಕಣ್ಣಾರೆ ಕಂಡೆ. "ಯಾರಿಗೂ ಹೇಳ್ಬೇಡ ಮಾರಾಯ್ತಿ. ಮುಖ್ಯವಾಗಿ ಮಾವನಿಗೆ ಗೊತ್ತಾಗ್ಬಾರ್ದು" ಎಂದರು. ಆ ವಾರ ನನಗೆ ಪುತ್ತೂರಿನಿಂದ ಒಂದು ಡಜನ್ ಗಾಜಿನ ಬಳೆ ಬಂತು. ಆಮೇಲೆ ನನಗೆ ಬಳೆ ಬೇಕಾದಾಗಲೆಲ್ಲ ನಾನು ಹೊಳೆಯ ಮಾತು ತೆಗೆಯುತ್ತಿದ್ದೆ.

ಮಾವನಿಗೆ, ಅಂದರೆ ನನ್ನ ಅಪ್ಪನಿಗೆ, ಯಾಕೆ ಗೊತ್ತಾಗಬಾರದು? ನಮ್ಮ ಮನೆ ಹೊಳೆಯಾಚೆ. ಸೇತುವೆ ಎಂಬುದು ಆಗ ಚುನಾವಣೆಯ ಭಾಷಣದಲ್ಲಿ ಮಾತ್ರ ಇತ್ತು. ಬರುವವರೆಲ್ಲ ಸಣ್ಣ ದೋಣಿಯಲ್ಲಿ ಬರಬೇಕು. ಭಾವ ಹೆಣ್ಣು ನೋಡಲು ಬಂದ ದಿನ ಅಪ್ಪ ಅವರ ಸಂಬಳ ಕೇಳಲಿಲ್ಲ, ಜಾತಕ ಕೇಳಲಿಲ್ಲ. "ಹೊಳೆ ದಾಟಿ ಬಂದು ಹೋಗಿ ಮಾಡುವ ಸಂಬಂಧ. ನಿಮಗೆ ಈಜು ಬರ್ತದಾ?" ಎಂದು ಒಂದೇ ಮಾತು ಕೇಳಿದರು. ಒಳಬಾಗಿಲಲ್ಲಿ ಅಕ್ಕನ ಸೀರೆಯ ಅಂಚು ಕಾಣುತ್ತಿತ್ತು. ಅಂಥ ಹೊತ್ತಿನಲ್ಲಿ ಯಾವ ಗಂಡಸು ಇಲ್ಲ ಎಂದಾನು? ಭಾವ ಎದೆಯುಬ್ಬಿಸಿ, "ಮಳೆಗಾಲದಲ್ಲಿಯೂ ಆಚೆ ಈಚೆ ಎರಡು ಸಲ ಹೋಗ್ತೇನೆ" ಎಂದುಬಿಟ್ಟರು! ಅಪ್ಪ ತಲೆಯಾಡಿಸಿದರು. ಮದುವೆ ನಿಶ್ಚಯವಾಯಿತು.

ಆ ಒಂದು ಮಾತನ್ನು ಭಾವ ಹನ್ನೆರಡು ವರ್ಷ ಹೊತ್ತುಕೊಂಡು ತಿರುಗಿದರು. "ಮತ್ತೆ ಎಂತಕ್ಕೆ ಭಾವ ದೋಣಿಯಲ್ಲಿ ಬರುದು? ಈಜಿಕೊಂಡೇ ಬರ್ಬಹುದಲ್ಲ?" ಎಂದು ನಾನು ಅಪ್ಪನ ಎದುರಿಗೇ ಕೇಳುತ್ತಿದ್ದೆ. "ಅಂಬಿಗ ಎಂತ ಎಣಿಸಿಯಾನು? ಅವನ ಮರ್ಯಾದೆಯೂ ನೋಡ್ಬೇಕಲ್ಲ" ಎಂದು ಭಾವ ನನ್ನ ಬಳೆಗಳನ್ನು ದಿಟ್ಟಿಸುತ್ತ ಉತ್ತರಿಸುತ್ತಿದ್ದರು.

ಇಂಥವರು ಹಲ್ಲುನೋವೆಂದು ಪುತ್ತೂರಿಗೆ ಹೋಗಿದ್ದೇ ತಪ್ಪಾಯಿತು. ಎಂಬತ್ತೊಂದೋ ಎಂಬತ್ತೆರಡೋ ಇರಬೇಕು, ನಾನಾಗ ಪುತ್ತೂರಿನಲ್ಲಿ ಟೀಚರ್ ಟ್ರೈನಿಂಗಿನಲ್ಲಿದ್ದೆ. ಹಲ್ಲಿನ ಡಾಕ್ಟರ ಜಗಲಿಯಲ್ಲಿ ಯಾವುದೋ ಹಳೆಯ ಫಾರಿನ್ ಪತ್ರಿಕೆ ಬಿದ್ದಿತ್ತು. ಅದರಲ್ಲಿ ಒಂದು ದ್ವೀಪದ ಬಣ್ಣದ ಚಿತ್ರ. ಜನ ಮುಖಕ್ಕೆ ಗಾಜು ಕಟ್ಟಿಕೊಂಡು, ಬಾಯಿಗೆ ಕೊಳವೆ ಇಟ್ಟುಕೊಂಡು, ನೀರಿನಲ್ಲಿ ಬೋರಲು ಬಿದ್ದು ಮೀನು ನೋಡುತ್ತಿದ್ದಾರೆ! ಕೆಳಗೆ ಇಡೀ ದಿನದ ವಿಹಾರದ ವಿವರ: ಬೆಳಿಗ್ಗೆ ಕಾಡು ಗುಡ್ಡದ ಸಾಹಸ, ಮಧ್ಯಾಹ್ನ ಊಟ, ಆಮೇಲೆ ನೀರಿನೊಳಗಿನ ದರ್ಶನ. ಭಾವ ಆ ಹಾಳೆಯನ್ನು ಮಡಚಿ ಕಿಸೆಗೆ ಹಾಕಿಕೊಂಡು ಹಲ್ಲು ಕೀಳಿಸಿಕೊಳ್ಳದೆಯೇ ನಮ್ಮ ಹಾಸ್ಟೆಲಿಗೆ ಬಂದರು. ನೋವು ಹೋಗಿತ್ತಂತೆ.

"ನಮಗೆ ಗುಡ್ಡ ಇಲ್ವಾ? ಹೊಳೆ ಇಲ್ವಾ? ಮೀನು ಇಲ್ವಾ?"

"ಎಲ್ಲ ಉಂಟು ಭಾವ. ಈಜು?"

"ಅಲ್ಲೇ ನೋಡು ಮಜಾ! ಇದಕ್ಕೆ ಈಜು ಬೇಡ. ತೇಲಿದರೆ ಸಾಕು. ಹೀಗೊಂದು ವ್ಯವಸ್ಥೆ ಉಂಟು ಅಂತ ಮೊದಲೇ ಗೊತ್ತಿದ್ದಿದ್ರೆ ನಾನು ಮಾವನ ಹತ್ರ ಸುಳ್ಳು ಹೇಳುವುದೇ ಬೇಡ ಇತ್ತು."

ಮುಖಕ್ಕೆ ಕಟ್ಟುವ ಆ ಗಾಜು ನಮ್ಮೂರಿನಲ್ಲಿ ಎಲ್ಲಿ ಸಿಗಬೇಕು? ಆದರೆ ಕಡಬದಲ್ಲಿ ಹುಟ್ಟಿಸಿದ ದೇವರು ರಬ್ಬರನ್ನೂ ಕೊಟ್ಟಿದ್ದಾನಲ್ಲ! ಭಾವನ ಸ್ನೇಹಿತರು ಮತ್ತಾಯಿ ಚೇಟ್ಟ, ಕೇರಳದಿಂದ ಬಂದು ಗುಡ್ಡವನ್ನೆಲ್ಲ ರಬ್ಬರ್ ತೋಟ ಮಾಡಿದವರು. ಭಾವ ಅವರಿಂದ ಒಂದು ಬಕೆಟ್ ರಬ್ಬರ್ ಹಾಲು ತಂದು, ಮಣ್ಣಿನಲ್ಲಿ ತಮ್ಮದೇ ಮುಖದ ಅಚ್ಚು ಮಾಡಿ, ಅದಕ್ಕೆ ಪದರ ಪದರವಾಗಿ ಹಾಲು ಬಳಿದು ಒಣಗಿಸಿದರು. ಕಣ್ಣಿನ ಜಾಗಕ್ಕೆ ಫೋಟೋದ ಕಟ್ಟಿನಿಂದ ತೆಗೆದ ಗಾಜು. ಉಸಿರಾಟಕ್ಕೆ ಬಪ್ಪಂಗಾಯಿ, ಅಂದರೆ ಪಪ್ಪಾಯಿ, ಎಲೆಯ ಟೊಳ್ಳು ದಂಟು. ಆ ಮುಖವಾಡ ಹೇಗಿತ್ತೆಂದರೆ, ಅಂಗಳಕ್ಕೆ ಬಂದ ನಾಯಿ ಅದನ್ನು ನೋಡಿ ಬೊಗಳುವುದನ್ನೂ ಮರೆತು ಹಿಂದೆ ಹೋಯಿತು.

ಅದನ್ನು ಒಂದು ಶನಿವಾರ ಪರೀಕ್ಷೆ ಮಾಡಿದ್ದಾಯಿತು. ಬದಿಯಿಂದ ನೀರು ನುಗ್ಗಬಾರದೆಂದು ಭಾವ ತಮ್ಮ ಮುಖದ ಸುತ್ತ ಹಸಿ ರಬ್ಬರ್ ಹಾಲನ್ನು ಧಾರಾಳವಾಗಿ ಹಚ್ಚಿಕೊಂಡು ಅದರ ಮೇಲೆ ಮುಖವಾಡ ಒತ್ತಿದರು. ನೀರು ಒಂದು ಹನಿಯೂ ಒಳಗೆ ಹೋಗಲಿಲ್ಲ. ಮುಖವಾಡವೂ ಹೊರಗೆ ಬರಲಿಲ್ಲ! ಮತ್ತಾಯಿ ಚೇಟ್ಟ ಓಡಿಬಂದು, "ಅಯ್ಯೋ ಮಾಷೇ, ಮೀಸೆ ಇರುವ ಮನುಷ್ಯ ರಬ್ಬರ್ ಹಾಲು ಮುಖಕ್ಕೆ ಹಾಕುದಾ?" ಎಂದು ತಲೆಯ ಮೇಲೆ ಕೈ ಹೊತ್ತರು. ಅರ್ಧ ಬಾಟಲಿ ತೆಂಗಿನೆಣ್ಣೆ ಸುರಿದು ಎಳೆದಾಗ ಮುಖವಾಡ ಬಂತು, ಎಡಗಡೆಯ ಮೀಸೆಯೂ ಅದರೊಂದಿಗೇ ಬಂತು. ಬಲಗಡೆಯದನ್ನು ಭಾವ ತಾವೇ ಬೋಳಿಸಿಕೊಂಡರು.

ನಮ್ಮ ಕಡೆ ಗಂಡಸು ಇದ್ದಕ್ಕಿದ್ದಂತೆ ಮೀಸೆ ಬೋಳಿಸಿಕೊಂಡರೆ ಏನರ್ಥ? ಸೋಮವಾರ ಶಾಲೆಯಲ್ಲಿ ಹೆಡ್‌ಮಾಷ್ಟ್ರು ಎದ್ದು ನಿಂತು ಮೆಲುದನಿಯಲ್ಲಿ "ಯಾವಾಗ ಆದದ್ದು?" ಎಂದು ಕೇಳಿದರು. ಪೇಟೆಯಲ್ಲಿ ಇಬ್ಬರು ಭಾವನ ಭುಜ ತಟ್ಟಿ ಕಣ್ಣೊರೆಸಿಕೊಂಡರು. ಸುದ್ದಿ ಹೊಳೆಯನ್ನೂ ದಾಟಿತು. ಬೀಗರೇ, ಅಂದರೆ ಭಾವನ ತಂದೆಯೇ, ತೀರಿಕೊಂಡರೆಂದು ತಿಳಿದು ಅಪ್ಪ ಬಿಳಿ ಶಾಲು ಹೊದ್ದು ಅಕ್ಕನ ಮನೆಗೆ ಓಡಿಬಂದರೆ, ಸತ್ತಿರಬೇಕಾದ ಬೀಗರೇ ಜಗಲಿಯಲ್ಲಿ ಕುಳಿತು ಅವಲಕ್ಕಿ ತಿನ್ನುತ್ತಿದ್ದಾರೆ! "ಬನ್ನಿ, ಕೂತ್ಕೊಳ್ಳಿ. ಯಾರು ಹೋದದ್ದು?" ಎಂದು ಅವರೇ ಅಪ್ಪನನ್ನು ಕೇಳಿದರಂತೆ.

ಇಷ್ಟೆಲ್ಲ ಆದ ಮೇಲೆ ಮೀಸೆಯ ಕಥೆಯನ್ನೂ ವಿಹಾರದ ಕಥೆಯನ್ನೂ ಹೇಳದೆ ಉಪಾಯವಿರಲಿಲ್ಲ. ಅಪ್ಪ ಎಲ್ಲ ಕೇಳಿ, ಎಲೆಗೆ ಸುಣ್ಣ ಹಚ್ಚುತ್ತ, "ಹಾಗಾದ್ರೆ ನಾನೂ ಬರ್ತೇನೆ. ಅಳಿಯಂದಿರು ಈಜುದನ್ನು ನಾನು ಇಷ್ಟರ ತನಕ ನೋಡಿದ್ದೇ ಇಲ್ಲ" ಎಂದರು. ಭಾವನ ಮುಖ, ಮೀಸೆಯ ಮರೆ ಇಲ್ಲದ್ದರಿಂದ, ಪೂರ್ತಿಯಾಗಿ ಬಿಳಿಚಿಕೊಂಡದ್ದು ಎಲ್ಲರಿಗೂ ಕಂಡಿತು.

ಮುಂದಿನ ಭಾನುವಾರ ಮತ್ತಾಯಿ ಚೇಟ್ಟರ ಜೀಪಿನಲ್ಲಿ ನಾವು ಐದು ಜನ ಹೊರಟೆವು. ಭಾವ, ಅಕ್ಕ, ಅಪ್ಪ, ಚೇಟ್ಟ ಮತ್ತು ನಾನು. ಪ್ರತಿಯೊಬ್ಬರ ಕೈಯಲ್ಲೂ ಕಾರ್ಬನ್ ಇಟ್ಟು ಬರೆದ ವೇಳಾಪಟ್ಟಿ. ಮೊದಲನೆಯದು ಪರ್ವತಾರೋಹಣ. ಪರ್ವತವೆಂದರೆ ಊರಿನ ದನಗಳು ದಿನಾ ಹತ್ತಿ ಇಳಿಯುವ ಗುಡ್ಡೆ. ಆದರೂ ಭಾವ ಐವರ ಸೊಂಟಕ್ಕೂ ಒಂದೇ ಹಗ್ಗ ಕಟ್ಟಿ, ಸೀಟಿ ಊದಿ, "ಎಡ, ಬಲ" ಎನ್ನುತ್ತ ಹತ್ತಿಸಿದರು. ಅರ್ಧ ದಾರಿಯಲ್ಲಿ ತಲೆಯ ಮೇಲೆ ದೊಡ್ಡ ಸೊಪ್ಪಿನ ಹೊರೆ ಹೊತ್ತ ಮುದುಕಿಯೊಬ್ಬಳು ಸರಸರನೆ ಇಳಿದು ಬಂದಳು. ನಮ್ಮ ಹಗ್ಗ ನೋಡಿ ಗಾಬರಿಯಾಗಿ ನಿಂತು, "ಎಂತ ಮಾಷ್ಟ್ರೇ, ದನ ಹುಡುಕ್ಲಿಕ್ಕೆ ಹೊರಟದ್ದಾ? ಬಳ್ಳಿ ದನಕ್ಕೆ ಕಟ್ಟುದಲ್ವಾ?" ಎಂದು ಕೇಳಿದಳು. ಭಾವ ಸೀಟಿ ಕಿಸೆಗೆ ಹಾಕಿದರು.

ಎರಡನೆಯದು ಕಾಡುಬಳ್ಳಿಯಲ್ಲಿ ತೂಗಾಟ. ಭಾವ ಒಂದು ದಪ್ಪ ಬಳ್ಳಿಯನ್ನು ಮೂರು ಸಲ ಜಗ್ಗಿ, "ಗಟ್ಟಿ ಉಂಟು" ಎಂದು ಪ್ರಮಾಣಪತ್ರ ಕೊಟ್ಟು, ಕಾಲು ಮಡಚಿ ತೂಗಿಕೊಂಡರು. ಬಳ್ಳಿ ತುಂಡಾಗಲಿಲ್ಲ, ಪಾಪ. ಮರದ ತುದಿಯಿಂದ ಮೆಲ್ಲಮೆಲ್ಲನೆ ಕಳಚಿಕೊಂಡು ಬಂದು ಭಾವನನ್ನು ನಿಧಾನವಾಗಿ ನೆಲದಲ್ಲಿ ಕೂರಿಸಿತು. ಬಳ್ಳಿಯ ಜತೆಗೆ ಒಂದು ಗೂಡು ಕೆಂಜಿರುವೆಯೂ ಇಳಿಯಿತು. ಆಮೇಲೆ ಭಾವ ಮಾಡಿದ ಡ್ರಿಲ್ಲನ್ನು ಅವರು ಶಾಲೆಯಲ್ಲಿ ಯಾವತ್ತೂ ಕಲಿಸಿರಲಿಲ್ಲ.

ಮಧ್ಯಾಹ್ನ ಚೇಟ್ಟರ ಮನೆಯಿಂದ ತಂದ ಬೇಯಿಸಿದ ಮರಗೆಣಸು, ಕಾಂತಾರಿ ಮೆಣಸಿನ ಚಟ್ನಿ. ಭಾವ ಅದನ್ನು ಮುಟ್ಟಲಿಲ್ಲ. ನೀರಿಗಿಳಿಯುವವರು ಹೊಟ್ಟೆತುಂಬ ತಿನ್ನಬಾರದೆಂದು ಪತ್ರಿಕೆಯಲ್ಲಿ ಉಂಟಂತೆ. ನಾನು ಅವರ ಕಿವಿಯಲ್ಲಿ, "ಹೊಟ್ಟೆನೋವು ಅಂತ ಹೇಳಿ ಭಾವ, ಈಗಲೂ ಸಮಯ ಉಂಟು" ಎಂದೆ. ಅವರು ನನ್ನ ಕಡೆ ನೋಡಲೂ ಇಲ್ಲ. ಅಕ್ಕನೂ ತಿನ್ನದೆ ಅವರನ್ನೇ ನೋಡುತ್ತಿದ್ದಳು. ನನಗೆ ಮಾತ್ರ ಒಳಗೊಳಗೇ ಖುಷಿ! ಹನ್ನೆರಡು ವರ್ಷದ ನಾಟಕದ ಕೊನೆಯ ಅಂಕ, ಮುಂದಿನ ಸಾಲಿನಲ್ಲಿ ನನ್ನ ಕುರ್ಚಿ.

ಹೊಳೆಯ ತಿರುವಿನಲ್ಲಿ ಒಂದು ಆಳವಾದ ಗುಂಡಿ. ಅಲ್ಲಿಯವು ದೇವರ ಮೀನುಗಳು, ಯಾರೂ ಹಿಡಿಯುವುದಿಲ್ಲ. ಹಾಗಾಗಿ ಒಂದೊಂದೂ ಮೊಣಕೈ ಉದ್ದ ಬೆಳೆದಿದ್ದವು. ಅಪ್ಪ ಬಂಡೆಯ ಮೇಲೆ ಕುಳಿತು ಒಂದು ಮುಷ್ಟಿ ಅಕ್ಕಿ ಎಸೆದರು. ಭಾವ ಮೊದಲು ನೀರಿನ ತಂಪು ಪರೀಕ್ಷಿಸಿದರು. ಆಮೇಲೆ ಗಾಳಿಯ ದಿಕ್ಕು. ಆಮೇಲೆ ಕೈಕಾಲಿನ ವ್ಯಾಯಾಮ, ಹತ್ತು ನಿಮಿಷ. ಆಮೇಲೆ ದಂಟಿನಿಂದ ಉಸಿರಾಡುವ ಅಭ್ಯಾಸ. ಹಸಿ ಬಪ್ಪಂಗಾಯಿ ದಂಟಿನ ಸೊನೆ ತಾಗಿ ತುಟಿ ಎರಡೂ ಊದಿಕೊಂಡವು.

"ಮಾಷ್ಟ್ರೇ, ಇನ್ನು ಇಳಿಯುದಲ್ವಾ?" ಅಪ್ಪ ಕೇಳಿದರು.

"ಇವಿದೆ ವಾವ" ಎಂದರು ಭಾವ. ಇಳಿದೆ ಮಾವ ಎಂದಿರಬೇಕು.

ಮುಖವಾಡ ಹಾಕಿ ಮೊಣಕಾಲಷ್ಟು ನೀರಿಗಿಳಿದರು. ಬಗ್ಗಿ ಮುಖ ಮುಳುಗಿಸಿದರು. ಅಲ್ಲಿಗೇ ನಿಂತಿದ್ದರೆ ಎಲ್ಲ ಸುಸೂತ್ರವಾಗಿ ಮುಗಿಯುತ್ತಿತ್ತು. ಆದರೆ ಪಾಚಿ ಕಟ್ಟಿದ ಕಲ್ಲಿಗೆ ಭಾವನ ಮರ್ಯಾದೆಯ ವಿಷಯ ಏನು ಗೊತ್ತು? ಕಾಲು ಜಾರಿತು. ಮರುಕ್ಷಣ ಭಾವ ಗುಂಡಿಯ ನಡುವೆ ಇದ್ದರು. ಕೈ ಬೀಸುತ್ತಿದ್ದರು, ಕಾಲು ಬಡಿಯುತ್ತಿದ್ದರು, ಎಲ್ಲವೂ ಬೆಂಚಿನ ಮೇಲೆ ಕಲಿಸಿದ ಹಾಗೆಯೇ, ಒಂದಿಷ್ಟೂ ತಪ್ಪಿಲ್ಲ. ಮುಳುಗುತ್ತಿದ್ದರು, ಅಷ್ಟೆ. ಕೊನೆಗೆ ಆ ದಂಟು ಮಾತ್ರ ಕಾಣುತ್ತಿತ್ತು.

ನನ್ನ ಬಾಯಿಂದ ನಗು ಹೊರಡುವ ಮೊದಲೇ ಧುಡುಂ ಎಂದು ಸದ್ದಾಯಿತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅಕ್ಕ ಹಾರಿದ್ದಳು. ಎರಡೇ ಬೀಸಿಗೆ ಭಾವನ ಹತ್ತಿರ ತಲುಪಿ, ಒಂದು ಕೈಯನ್ನು ಅವರ ಹೊಟ್ಟೆಯಡಿಗೆ ಕೊಟ್ಟು ಮೇಲಕ್ಕೆತ್ತಿ, ಇನ್ನೊಂದು ಕೈಯಿಂದ ಅವರ ಕೊರಳು ತಬ್ಬಿ, ಇಡೀ ಹೊಳೆಗೆ ಕೇಳುವ ಹಾಗೆ ಕಿರುಚಿದಳು: "ಅಯ್ಯೋ, ನನಗೆ ಹೆದರಿಕೆ ಆಗ್ತದೆ! ನನ್ನನ್ನು ಹಿಡ್ಕೊಳ್ಳಿ ಮಾರಾಯ್ರೆ, ನಾನು ಮುಳುಗ್ತೇನೆ!"

ಬಂಡೆಯಿಂದ ನೋಡಿದರೆ ಗಂಡ ಹೆಂಡತಿಯನ್ನು ಕಾಪಾಡುತ್ತಿರುವ ಹಾಗೆಯೇ ಕಾಣುತ್ತಿತ್ತು. ಆದರೆ ನೋಡುತ್ತಿದ್ದವರು ಯಾರು? ಅಕ್ಕನಿಗೆ ಆರು ವರ್ಷವಾದಾಗ ಸೊಂಟ ಹಿಡಿದು ಈಜು ಕಲಿಸಿದವರು. ಅವಳು ಹತ್ತನೆಯ ವಯಸ್ಸಿನಲ್ಲಿ ಒಬ್ಬಳೇ ಹೊಳೆ ದಾಟಿದಾಗ ದಡದಲ್ಲಿ ನಿಂತು ನಕ್ಕವರು. ನಾನು, "ಅಪ್ಪ, ನೋಡಿ, ಭಾವನಿಗೆ..." ಎನ್ನುತ್ತಿದ್ದಂತೆ ಅಪ್ಪ ನನ್ನ ಕೈ ಗಟ್ಟಿಯಾಗಿ ಹಿಡಿದರು. ಒಂದು ಬಳೆ ಒಡೆಯಿತು.

"ಸುಮ್ಮನಿರು. ನನಗೆ ಗೊತ್ತುಂಟು."

"ಯಾವಾಗಿಂದ?"

"ಹೆಣ್ಣು ನೋಡ್ಲಿಕ್ಕೆ ಬಂದ ದಿನವೇ. ಕಾಫಿ ತೆಗೊಳ್ಳುವಾಗ ನೋಡಿದೆ, ಎರಡು ಅಂಗೈಯಲ್ಲಿಯೂ ದೋಣಿಯ ಅಂಚಿನ ಗೆರೆ ಕೆಂಪಗೆ ಮೂಡಿತ್ತು. ಅಷ್ಟು ಗಟ್ಟಿ ಹಿಡಿದು ಕೂತಿದ್ರು."

"ಮತ್ತೆ ಎಂತಕ್ಕೆ ಕೊಟ್ಟದ್ದು?"

ಅಪ್ಪ ನೀರಿನಿಂದ ಕಣ್ಣು ತೆಗೆಯಲಿಲ್ಲ. "ಈಜು ಬರುವವ ಹೊಳೆ ದಾಟುದು ಎಂತ ದೊಡ್ಡ ಸಂಗತಿ ಮಗಾ? ಇವರು ಹೆದರಿಕೊಂಡೇ ದಾಟಿ ಬಂದ್ರಲ್ಲ. ಆಮೇಲೆ ನಿನ್ನ ಅಮ್ಮ ಕಾಯಿಲೆಯಲ್ಲಿ ಮಲಗಿದ ಆ ಆಟಿ ತಿಂಗಳ ನೆರೆಯಲ್ಲಿ ಅಂಬಿಗನೇ ಆಗುದಿಲ್ಲ ಅಂದಿದ್ದ. ಈಜು ಬರುವ ನನ್ನ ತಮ್ಮನೂ ಆಚೆ ದಡದಲ್ಲೇ ನಿಂತಿದ್ದ. ಅಂಬಿಗನ ಕೈಕಾಲು ಹಿಡಿದು, ಮದ್ದಿನ ಕಟ್ಟು ತಲೆಗೆ ಕಟ್ಟಿಕೊಂಡು, ಎಂಟು ದಿನವೂ ಬಂದದ್ದು ಇವರು. ದೋಣಿಯಿಂದ ಇಳಿದು ದನದ ಹಟ್ಟಿಯ ಹಿಂದೆ ಹೋಗಿ ವಾಂತಿ ಮಾಡ್ತಿದ್ರು. ಆಮೇಲೆ ಬಾಯಿ ತೊಳ್ದು, ನಗಾಡಿಕೊಂಡು ಒಳಗೆ ಬರ್ತಿದ್ರು."

ಆ ಎಂಟು ದಿನವೂ ನಾನು ಮನೆಯಲ್ಲಿದ್ದೆ. ಒದ್ದೆಮುದ್ದೆಯಾಗಿ ಬಂದ ಭಾವನನ್ನು ನೋಡಿ "ಇವತ್ತಾದ್ರೂ ಈಜಿಕೊಂಡು ಬಂದ್ರಾ?" ಎಂದು ಕೇಳಿದ್ದೆ.

ಅಪ್ಪ ಎದ್ದು ನಿಂತು ಎರಡೂ ಕೈ ಬಾಯಿಗೆ ಹಿಡಿದು ಕೂಗಿದರು: "ಮಾಷ್ಟ್ರೇ! ಅವಳನ್ನು ಬಿಡ್ಬೇಡಿ! ಗಟ್ಟಿ ಹಿಡ್ಕೊಳ್ಳಿ!"

ದಂಟು ಉಗುಳಿ, ಕೆಮ್ಮುತ್ತ, ಎರಡು ಕೈಯಿಂದಲೂ ಅಕ್ಕನನ್ನು ಅವಚಿಕೊಂಡ ಭಾವ ಅಲ್ಲಿಂದಲೇ ಧೈರ್ಯ ಹೇಳಿದರು: "ಹಿಡ್ಕೊಂಡಿದ್ದೇನೆ ಮಾವ! ನೀವು ಹೆದರ್ಬೇಡಿ!"

ನನ್ನ ಕಣ್ಣು ಮಂಜಾಗಿ ಹೊಳೆ, ಬಂಡೆ ಏನೂ ಕಾಣಿಸಲಿಲ್ಲ. ನಾನೂ ಎದ್ದು ನಿಂತೆ. ಎಷ್ಟು ಜೋರಾಗಿ ಸಾಧ್ಯವೋ ಅಷ್ಟು ಜೋರಾಗಿ ಕೂಗಿದೆ:

"ಅಕ್ಕನನ್ನು ಬಿಡ್ಬೇಡಿ ಭಾವ! ಅವಳಿಗೆ ಈಜು ಬರುದಿಲ್ಲ!"