ಏಳು ಕಲ್ಲಿನ ಹಟ

ಡ್ರಾಯಿಂಗ್ ಮೇಷ್ಟ್ರಿಗೆ ಅಂದು ಬೆಳಗಿನ ಕಾಫಿಯ ಜೊತೆಗೇ ಕೋಪವೂ ಬಂತು. ಮಾರನೆಯ ದಿನ ಅವರ ನಿಶ್ಚಿತಾರ್ಥ. ಹುಡುಗಿಯ ಬೆರಳಿಗೆ ಹಾಕುವ ಉಂಗುರವನ್ನು ಅಂಗಡಿಯಲ್ಲಿ ಆರಿಸಿ ತರುವುದು ತಮ್ಮ ವಿದ್ಯೆಗೇ ಅವಮಾನವೆಂದು ಬಗೆದು, ತಾವೇ ಕೂತು ಅದರ ಚಿತ್ರ ಬರೆದಿದ್ದರು. ಅಕ್ಕಸಾಲಿ ಬೆರಳು ಬಳಸುವ ಬಂಗಾರದ ಸುತ್ತನ್ನು ಮಾಡಿ ಇಟ್ಟಿದ್ದ. ಮೇಲೆ ಕಲ್ಲು ಕೂರಿಸುವ ಭಾಗದ ಚಿತ್ರವನ್ನು ಸಂಜೆ ಕೊಟ್ಟರೆ ಬೆಳಗಾಗುವಷ್ಟರಲ್ಲಿ ಉಂಗುರ ಸಿದ್ಧ. ಒಂದೇ ಒಂದು ಕಲ್ಲು. ಅದನ್ನು ನೋಡಿ ಹುಡುಗಿ, "ಇದು ನೀವೇ ಬರೆದಿದ್ದಾ?" ಎಂದು ಕಣ್ಣರಳಿಸಬೇಕು. ಮೇಷ್ಟ್ರಿಗೆ ಇದ್ದದ್ದು ಅಷ್ಟೇ ಆಸೆ.

ಅಮ್ಮ ಚಿತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಕಲ್ಲು ಯಾಕೋ? ಬರೀ ಸುತ್ತೇ ಎಷ್ಟು ಲಕ್ಷಣವಾಗಿರುತ್ತೆ."

ಶಾಲೆಯ ಮಕ್ಕಳು ಗುಟ್ಟಾಗಿ ಮೇಷ್ಟ್ರಿಗೆ ಕುಕ್ಕರ್ ಮೇಷ್ಟ್ರು ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ಮೂಗಿನಿಂದ ಉಸ್ಸೆಂದು ಗಾಳಿ ಬಿಟ್ಟರು.

"ಹುಟ್ಟಿದಾಗಿನಿಂದ ನನ್ನ ಅಂಗಿ ನೀನೇ ಆರಿಸಿದೆ, ಕ್ರಾಪು ನೀನೇ ಆರಿಸಿದೆ. ಇದೊಂದನ್ನಾದ್ರೂ ನನಗೆ ಬಿಡಮ್ಮ!"

ಪೆನ್ಸಿಲ್ ಎಳೆದುಕೊಂಡು ಆ ಒಂದು ಕಲ್ಲಿನ ಎಡಬಲಕ್ಕೆ ಇನ್ನೆರಡು ಕಲ್ಲು ಬರೆದರು. ಈಗ ಅನ್ನಲಿ ನೋಡೋಣ!

ಗೇಟು ದಾಟುತ್ತಿದ್ದಂತೆ ಎದುರುಮನೆಯ ನಿವೃತ್ತ ಕಂಡಕ್ಟರ್ ಕೈ ಅಡ್ಡ ಹಿಡಿದರು. "ಹೋಲ್ಡಾನ್, ಮೇಷ್ಟ್ರೇ! ಉಂಗುರಕ್ಕೆ ಕಲ್ಲು ಹತ್ತಿಸ್ತಿದ್ದೀರಂತೆ? ಇಲ್ಲೇ ಇಳಿಸಿಬಿಡಿ ಅದನ್ನ."

"ಉಂಗುರ ಏನು ನಿಮ್ಮ ಬಸ್ಸೇ? ನಿಮಗೆ ಯಾರ್ರೀ ಹೇಳಿದ್ದು?"

"ಹೇಳೋ ಹಾಗಿಲ್ಲ. ಆದ್ರೆ ಇಳಿಸಿ."

ಮೇಷ್ಟ್ರು ಕಂಡಕ್ಟರ್ ಮನೆಯ ಗೋಡೆಯ ಮೇಲೇ ಕಾಗದ ಹರಡಿ, ಅವರ ಕಣ್ಣೆದುರಿಗೇ ಮತ್ತೆರಡು ಕಲ್ಲು ಬರೆದರು. ಎಂಥ ಜನ! ತಮ್ಮ ಮನೆಯ ಸೋರುವ ನಲ್ಲಿ ಸರಿಮಾಡಿಸಲು ಪುರುಸೊತ್ತಿಲ್ಲ, ಕಂಡವರ ಉಂಗುರಕ್ಕೆ ಮಾತ್ರ ಬೆಳಗ್ಗೆಯೇ ಕಾದು ನಿಂತಿರುತ್ತಾರೆ.

ಶಾಲೆಯ ಸ್ಟಾಫ್ ರೂಮಿನಲ್ಲಿ ಲೆಕ್ಕದ ಮೇಡಂ ಚಿತ್ರದತ್ತ ಇಣುಕಿದರು. "ಸರ್, ಐದರಲ್ಲಿ ಐದು ಕಳೆದ್ರೆ ಎಷ್ಟು ಚೆನ್ನಾಗಿರುತ್ತೆ ಅಂತೀರಾ!"

ಕುಕ್ಕರ್ ಎರಡನೆಯ ಸಲ ಉಸ್ಸೆಂದಿತು. "ನನಗೆ ಕೂಡೋದು ಮಾತ್ರ ಬರೋದು, ಮೇಡಂ!" ಎಂದು ಐದನ್ನು ಏಳು ಮಾಡಿದರು.

ಸಂಜೆಯ ಹೊತ್ತಿಗೆ ಆ ಚಿತ್ರ ಉಂಗುರಕ್ಕಿಂತ ಹೂಕೋಸಿನ ಹಾಗೆ ಕಾಣುತ್ತಿತ್ತು. ಅದು ಮೇಷ್ಟ್ರಿಗೂ ಗೊತ್ತಾಗಿತ್ತು. ಆದರೆ ಈಗ ಒಂದು ಕಲ್ಲು ತೆಗೆದರೂ ಊರೆಲ್ಲ ಗೆದ್ದ ಹಾಗಾಗುತ್ತದಲ್ಲ!

ಅಕ್ಕಸಾಲಿ ಕನ್ನಡಕವನ್ನು ಹಣೆಗೇರಿಸಿ ಚಿತ್ರ ನೋಡಿದ. "ಇದು ಬೆರಳಿಗೋ ಬಾಗಿಲಿಗೋ, ಮೇಷ್ಟ್ರೇ?"

ಕುಕ್ಕರ್ ಸಿಡಿಯಿತು.

"ನೀವೂ ಶುರು ಮಾಡಿದ್ರಾ? ಕೇಳಿ ಯಜಮಾನ್ರೇ, ಏಳು ಅಂದ್ರೆ ಏಳು! ಯಾರು ಬಂದು ಬದಲಾಯಿಸಿ ಅಂದ್ರೂ ಕಿವಿಗೆ ಹಾಕ್ಕೋಬೇಡಿ. ನಮ್ಮಮ್ಮ ಅತ್ತೂ ಕರೆದೂ ನನ್ನನ್ನೇ ಕಳಿಸಬಹುದು. ನಾನೇ ಬಂದು ಗೋಗರೆದ್ರೂ ಬಾಗಿಲು ತೆಗೀಬೇಡಿ. ಮಾತು ಕೊಡಿ!"

"ಕೊಟ್ಟೆ," ಎಂದ ಅಕ್ಕಸಾಲಿ. ಮಾತಿಗೆ ತಪ್ಪುವ ಆಸಾಮಿಯಲ್ಲ. ಮೇಷ್ಟ್ರು ಮೆಟ್ಟಿಲಿಳಿಯುವ ಮೊದಲೇ ಒಳಗಿನಿಂದ ಅಗುಳಿ ಬಿತ್ತು.

ಮೇಷ್ಟ್ರು ಗೆದ್ದ ಪೈಲ್ವಾನನಂತೆ ಎದೆ ಸೆಟೆಸಿಕೊಂಡು ಆಸ್ಪತ್ರೆಯ ಗೇಟಿಗೆ ಬಂದರು. ಹುಡುಗಿ ಅಲ್ಲಿ ಹಸುಗೂಸುಗಳ ವಾರ್ಡಿನಲ್ಲಿ ನರ್ಸು. ಅವಳು ಹೊರಗೆ ಬಂದದ್ದೇ ತಡ, ದಿನದ ಸಿಟ್ಟನ್ನೆಲ್ಲ ಕಾರಿಕೊಂಡರು.

"ನಿನ್ನ ಉಂಗುರಕ್ಕಾಗಿ ಇವತ್ತು ಊರಿನ ಮೇಲೇ ಯುದ್ಧ ಮಾಡಿ ಬಂದೆ ನೋಡು! ಎಲ್ರದೂ ಒಂದೇ ರಾಗ, ಕಲ್ಲು ಬೇಡ, ಕಲ್ಲು ಬೇಡ! ಯಾವ ತಲೆಕೆಟ್ಟವರು ಇವರ ಕಿವಿ ಊದಿದ್ರೋ!"

"ನಾನೇ," ಎಂದಳು ಹುಡುಗಿ.

ಮೇಷ್ಟ್ರ ಸೆಟೆದ ಎದೆ ಮೆಲ್ಲಗೆ ಇಳಿಯಿತು.

"ನೀವು ಕಲ್ಲಿಡ್ತೀರಂತೆ ಅಂತ ಅತ್ತೆ ಹೇಳಿದ್ರು. ಬೇಡ ಅಂತ ನಾನೇ ಅಂದ್ರೆ, ನೀವು ಬರೆದಿದ್ದು ಹಿಡಿಸ್ಲಿಲ್ಲ ಅಂತ ನೊಂದ್ಕೋತೀರೇನೋ ಅನ್ನಿಸ್ತು. ಅದಕ್ಕೇ ಅತ್ತೆ ಹತ್ರ ಹೇಳಿಸ್ದೆ. ಕಂಡಕ್ಟರ್ ಮಾವನ ಮೊಮ್ಮಗು ನಮ್ಮ ವಾರ್ಡಿನಲ್ಲೇ ಇತ್ತು, ಲೆಕ್ಕದ ಮೇಡಂ ನನ್ನ ಜೊತೆ ಓದಿದವಳು. ನನ್ನ ಹೆಸರು ಎತ್ತಬೇಡಿ ಅಂತ ಎಲ್ಲರ ಹತ್ರ ಆಣೆ ಮಾಡಿಸ್ಕೊಂಡಿದ್ದೆ."

ಅವಳು ತನ್ನ ಬರಿ ಬೆರಳನ್ನು ನೋಡಿಕೊಂಡಳು. "ದಿನವಿಡೀ ಮಕ್ಕಳನ್ನ ಎತ್ತೋ ಕೈ ಇದು. ಕಲ್ಲಿದ್ರೆ ಮೈ ಗೀರುತ್ತೆ, ದಿನಾ ಬಿಚ್ಚಿಟ್ಟು ಬರಬೇಕು. ನೀವು ಹಾಕಿದ್ದನ್ನ ಒಂದು ದಿನಾನೂ ಬಿಚ್ಚಬಾರದು ಅಂತ ನನಗೆ ಆಸೆ. ಒಂದೇ ಕಲ್ಲು ತಾನೇ? ಈಗಲೂ ಹೇಳಿ ಬಿಡಿಸಬಹುದಲ್ವಾ?"

"ಒಂದೇ..." ಎಂದವರು ಚಪ್ಪಲಿ ಕೈಗೆತ್ತಿಕೊಂಡು ಓಡಿದರು.

ಅಕ್ಕಸಾಲಿಯ ಬಾಗಿಲು ಭದ್ರವಾಗಿ ಮುಚ್ಚಿತ್ತು. ಒಳಗಿನಿಂದ ಟಿಕ್ ಟಿಕ್ ಎಂದು ಸಣ್ಣ ಸುತ್ತಿಗೆಯ ಸದ್ದು. ಮೇಷ್ಟ್ರು ಎರಡೂ ಕೈಯಿಂದ ಬಾಗಿಲು ಬಡಿದರು.

"ಯಜಮಾನ್ರೇ, ನಿಲ್ಲಿಸಿ! ಕಲ್ಲೇ ಬೇಡ! ಬರೀ ಸುತ್ತು ಸಾಕು! ನಿಮ್ಮ ದಮ್ಮಯ್ಯ ಅಂತೀನಿ!"

ಸುತ್ತಿಗೆ ಒಂದು ಗಳಿಗೆ ನಿಂತಿತು.

"ಎಂಥಾ ಮುಂದಾಲೋಚನೆ, ಮೇಷ್ಟ್ರೇ, ನಿಮ್ಮದು!" ಒಳಗಿನ ದನಿಯಲ್ಲಿ ಭಕ್ತಿಯೇ ತುಂಬಿತ್ತು. "ಬಂದು ಗೋಗರೀತೀನಿ ಅಂದ್ರಿ, ಹಾಗೇ ಬಂದ್ರಿ. ಧೈರ್ಯವಾಗಿ ಮನೆಗೆ ಹೋಗಿ. ನೀವು ಎಷ್ಟು ಕೂಗಿದ್ರೂ ನಾನು ಮೋಸ ಹೋಗಲ್ಲ. ನಾಲ್ಕು ಕೂರಿಸಿ ಆಯ್ತು, ಇನ್ನು ಮೂರೇ ಮೂರು."