ಮಂಡಿನೋವಿಗೆ ಮದ್ದು ಬಜಗೋಳಿ

ನನ್ನ ಮಾವ್ಶಿ ತಿಂಗಳಿಗೊಮ್ಮೆ ಹನ್ನೊಂದು ಮಂದಿ ಮುದುಕ ಮುದುಕಿಯರನ್ನು ಕಾಡಿಗೆ ಕರೆದುಕೊಂಡು ಹೋಗಿ ಅಲ್ಲೇ ಬಿಟ್ಟು ಬರುತ್ತಾರೆ ಎಂದು ಊರಲ್ಲೆಲ್ಲ ಸುದ್ದಿಯಿತ್ತು. ಇದು ಶುದ್ಧ ಸುಳ್ಳು. ಯಾರನ್ನೂ ಬಿಟ್ಟು ಬಂದದ್ದು ಒಂದು ಸಲವೂ ಇಲ್ಲ. ಹನ್ನೊಂದು ಮಂದಿಯನ್ನು ಕರೆದುಕೊಂಡು ಹೋಗಿ ಹನ್ನೆರಡು ಮಂದಿಯನ್ನು ಕರೆತಂದದ್ದು ಮಾತ್ರ ಒಂದು ಸಲ ಉಂಟು! ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮಾವ್ಶಿ ಎಂದರೆ ಕೊಂಕಣಿಯಲ್ಲಿ ಅಮ್ಮನ ಅಕ್ಕತಂಗಿಯರು. ಇವರು ನನ್ನ ಅಮ್ಮನ ಅಕ್ಕ. ಮದುವೆಯಾಗಲಿಲ್ಲ. ಉಡುಪಿಯ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದು ನಿವೃತ್ತರಾಗಿ, ಆದಿ ಉಡುಪಿಯ ನಮ್ಮ ಮನೆಗೆ ಒಂದು ಟ್ರಂಕು ಮತ್ತು ಒಂದು ಶಿಲುಬೆ ಹಿಡಿದುಕೊಂಡು ಬಂದರು. ಇನ್ನು ಇವರು ಜಪಸರ ಹಿಡಿದು ಮೂಲೆಯಲ್ಲಿ ಕೂರುತ್ತಾರೆ ಎಂದು ನಾವು ಎಣಿಸಿದ್ದೆವು. ಒಂದು ವಾರ ಕೂತರು. ಎಂಟನೆಯ ದಿನ ಬಿಳಿ ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು ಜಗಲಿಯಿಂದ ಇಳಿದರು. ನನ್ನ ಅಮ್ಮ ಕೈಯಲ್ಲಿದ್ದ ಸೌಟನ್ನು ಕೆಳಗೆ ಬೀಳಿಸಿದಳು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು ನೋಡಿ. ಸೀರೆಗೆ ಶೂ! ಅರುವತ್ತು ದಾಟಿದ ಹೆಂಗಸು! ಎದುರು ಮನೆಯವರು ಕಿಟಕಿಯಿಂದ ನೋಡಿದ್ದು ಸಾಲದೆಂದು ಗೇಟಿನವರೆಗೆ ಬಂದು ನೋಡಿದರು.

"ಎಲ್ಲಿಗೆ?" ಎಂದು ಅಮ್ಮ ಕೇಳಿದಳು.

"ಗುಡ್ಡಕ್ಕೆ."

"ಗುಡ್ಡದಲ್ಲಿ ಎಂತ ಉಂಟು?"

"ಅದನ್ನು ನೋಡ್ಲಿಕ್ಕೇ ಹೋಗುವುದಲ್ವಾ?"

ಒಬ್ಬರೇ ಹೋಗಿ ಬರುತ್ತಿದ್ದರೆ ನಮ್ಮ ಮಾನ ಅರ್ಧವಾದರೂ ಉಳಿಯುತ್ತಿತ್ತು. ಮಾವ್ಶಿಗೆ ಜನ ಬೇಕಾಯಿತು. ತಾವು ದುಡಿದ ಆಸ್ಪತ್ರೆಯ ಹೊರಗಿನ ಬೆಂಚಿಗೆ ಹೋಗಿ, ಡಾಕ್ಟರರಿಗಾಗಿ ಕಾಯುತ್ತ ಕೂತ ವೃದ್ಧರನ್ನು ಒಬ್ಬೊಬ್ಬರಾಗಿ ವಿಚಾರಿಸತೊಡಗಿದರು.

"ನಿಮಗೆ ಎಂತ?"

"ಮಂಡಿನೋವು ಬಾಯಮ್ಮಾ. ಇದಕ್ಕೆ ಮದ್ದು ಉಂಟಾ?"

"ಉಂಟು."

"ಎಂತ ಮದ್ದು?"

"ಬಜಗೋಳಿ."

ಪಾಪ, ಅವರು ಅದೊಂದು ಗುಳಿಗೆಯ ಹೆಸರೆಂದುಕೊಂಡು ಔಷಧದ ಅಂಗಡಿಯಲ್ಲಿ ಕೇಳಿದರಂತೆ! ಅಂಗಡಿಯವನು, "ಅದು ಇಲ್ಲಿ ಸಿಗುವುದಿಲ್ಲ, ಕಾರ್ಕಳದಿಂದ ಮುಂದೆ ಕುದುರೆಮುಖದ ದಾರಿಯಲ್ಲಿ ಉಂಟು" ಎಂದನಂತೆ.

ಶಿರ್ವದಲ್ಲಿ ನಮ್ಮ ಬಂಧುಗಳ ಮದುವೆಯೊಂದಿತ್ತು. ಗಲ್ಫಿನ ದುಡ್ಡಿನಲ್ಲಿ ಕಟ್ಟಿದ ಹೊಸ ಮನೆ, ಕನ್ನಡಿಯ ಹಾಗೆ ಹೊಳೆಯುವ ನೆಲ. ಮದುವೆಮನೆಯಲ್ಲಿ ಹೆಣ್ಣು ನೋಡುವವರಿರುತ್ತಾರೆ, ಗಂಡು ನೋಡುವವರಿರುತ್ತಾರೆ. ನಮ್ಮ ಮಾವ್ಶಿ ಮೊಣಕಾಲು ನೋಡುತ್ತ ತಿರುಗಾಡಿದರು. ಯಾರು ಕುರ್ಚಿಯಿಂದ ಏಳುವಾಗ "ಅಮ್ಮಾ" ಎನ್ನುತ್ತಾರೋ ಅವರ ಹೆಸರು ಚೀಟಿಯಲ್ಲಿ. ಊಟ ಮುಗಿಯುವ ಮೊದಲು ಮೂವರು ಸಿಕ್ಕಿದ್ದರು. ಅದರಲ್ಲಿ ಒಬ್ಬರು ಮದುಮಗಳ ಅಜ್ಜಿ!

ಹೀಗೆ ಹನ್ನೊಂದು ಮಂದಿಯಾದರು. ಎಲ್ಲರ ಪರಿಚಯ ಮಾಡಿಸಿ ನಿಮ್ಮನ್ನು ದಣಿಸುವುದಿಲ್ಲ, ಇಬ್ಬರು ಸಾಕು. ಒಬ್ಬರು ಕಾಪುವಿನ ಸಾಹೇಬರು. ಬ್ಯಾರಿ ಮನೆತನ, ಜವಳಿ ವ್ಯಾಪಾರ, ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟು ಬೇಸರದಿಂದ ದಪ್ಪವಾದವರು. ಇನ್ನೊಬ್ಬರು ನಿವೃತ್ತ ಮಾಷ್ಟ್ರು. ಗಾಳಿ ಬೀಸಿದರೂ ಅದಕ್ಕೆ ಕಾರಣ ವಿವರಿಸುವವರು. ಇವರ ಜೊತೆಗೆ ನಾನು. ಮಣಿಪಾಲದ ಆಫೀಸಿನಲ್ಲಿ ಗುಮಾಸ್ತ, ವಯಸ್ಸು ಮೂವತ್ತೆಂಟು, ಹೊಟ್ಟೆ ಮಾತ್ರ ಐವತ್ತರದ್ದು. "ಪುತಾ, ನೀನೂ ಬಾ, ಏನಾದರೂ ಆದರೆ ಬಸ್ಸಿಗೆ ಕೈ ತೋರಿಸ್ಲಿಕ್ಕೆ ಒಬ್ಬ ಬೇಕು" ಎಂದಿದ್ದರು ಮಾವ್ಶಿ. ಪುತಾ ಎಂದರೆ ಅವರ ಕೊಂಕಣಿಯಲ್ಲಿ ಮಗನೇ. ಏನಾದರೂ ಆದರೆ ಎಂದರೆ ಎಂತ ಆಗುತ್ತದೆ? ಕೇಳುವ ಧೈರ್ಯ ನನಗಿರಲಿಲ್ಲ. ನಾನು ಅವರ ತಂಡದ ಲೆಕ್ಕಕ್ಕೆ ಸೇರಿದವನೂ ಅಲ್ಲ. ಅವರ ಎಣಿಕೆಯಲ್ಲಿ ನಾನು ಸಾಮಾನು.

ತಂಡದವರು ತಮ್ಮತಮ್ಮಲ್ಲಿ ತುಳುವಿನಲ್ಲೇ ಮಾತಾಡುತ್ತಿದ್ದರು. ಮಾವ್ಶಿ ಮಾತ್ರ ಕನ್ನಡ. ಆಸ್ಪತ್ರೆಯಲ್ಲಿ ಅಷ್ಟು ವರ್ಷ ರೋಗಿಗಳಿಗೆ ಬೈದದ್ದು ಆ ಭಾಷೆಯಲ್ಲಿ, ಹಾಗಾಗಿ ಅದೇ ಅವರ ಬಾಯಿಗೆ ಹಿತ.

ಮೊದಲ ಸಲ ಕಾರ್ಕಳದ ಗೊಮ್ಮಟನ ಬೆಟ್ಟ. ಬಂಡೆಯಲ್ಲಿ ಕಡಿದ ಮೆಟ್ಟಿಲು, ಹತ್ತು ಗಂಟೆಗೇ ಕಾದ ಕಾವಲಿ. ಅರ್ಧ ದಾರಿಯಲ್ಲಿ ಮಾವ್ಶಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ರವಿಕೆಗೆ ಸಿಕ್ಕಿಸಿಕೊಂಡ ಗಡಿಯಾರ ನೋಡುತ್ತ ನಾಡಿ ಹಿಡಿದರು. ಸಾಹೇಬರ ಕೈ ಹಿಡಿದವರೇ ಹುಬ್ಬೇರಿಸಿದರು.

"ಇದೆಂತ ಸಾಹೇಬರೇ, ನಾಡಿಯಾ ಹೊಲಿಗೆ ಮೆಷಿನ್ನಾ?"

"ಎಂತ ಮಾಡುವುದು ಬಾಯಮ್ಮಾ? ನಲವತ್ತು ವರ್ಷ ನಾನು ನಡೆದದ್ದು ಅಂಗಡಿಯ ಗಲ್ಲೆಯಿಂದ ಊಟಕ್ಕೆ, ಊಟದಿಂದ ಗಲ್ಲೆಗೆ."

ಅಷ್ಟರಲ್ಲಿ ಮಾಷ್ಟ್ರು ಮೆಟ್ಟಿಲ ಮೇಲೆ ಕೂತೇಬಿಟ್ಟರು. ಮುಖವೆಲ್ಲ ಕೆಂಪು. "ನನ್ನಿಂದ ಸಾಧ್ಯವಿಲ್ಲ. ನನ್ನನ್ನು ಇಲ್ಲೇ ಬಿಟ್ಟುಬಿಡಿ. ನಾನು ಇಲ್ಲೇ ಪ್ರಾಣ ಬಿಡುತ್ತೇನೆ" ಎಂದರು. ಬಸ್ಸಿಗೆ ಕೈ ತೋರಿಸೋಣವೆಂದರೆ ಬೆಟ್ಟದ ಮೇಲೆ ಬಸ್ಸೆಲ್ಲಿ?

ಮಾವ್ಶಿ ಶಾಂತವಾಗಿ ಕೈ ಚಾಚಿದರು. "ಆಯ್ತು ಮಾಷ್ಟ್ರೇ. ನಿಮ್ಮ ಬುತ್ತಿ ಇತ್ತ ಕೊಡಿ."

"ಬುತ್ತಿ ಯಾಕೆ?"

"ಗೋಳಿಬಜೆ ತಂದಿದ್ದೀರಿ ಅಂತ ವಾಸನೆಯಿಂದ ಗೊತ್ತಾಯ್ತು. ಸತ್ತವರಿಗೆ ಗೋಳಿಬಜೆ ಎಂತಕ್ಕೆ?"

ಮಾಷ್ಟ್ರು ಬುತ್ತಿಯನ್ನು ಎದೆಗವಚಿಕೊಂಡು ಎದ್ದರು. ಆ ದಿನ ಮೊದಲು ಗೊಮ್ಮಟನ ಪಾದ ಮುಟ್ಟಿದವರು ಅವರೇ. ಕೊನೆಗೆ ಮುಟ್ಟಿದವನು ಯಾರೆಂದು ಹೇಳಬೇಕೇ? ಸಾಮಾನಿಗೆ ಎಂತ ಅವಸರ!

ಇನ್ನು ಆ ಹನ್ನೆರಡನೆಯವರ ಕತೆ.

ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ. ಚರ್ಚಿನಲ್ಲಿ ಮುಂಜಾನೆಯ ಪೂಜೆ ಮುಗಿಸಿದ ಮಾವ್ಶಿ ಶೂಗೆ ಲೇಸು ಕಟ್ಟುತ್ತಲೇ ಬಸ್‌ಸ್ಟ್ಯಾಂಡಿಗೆ ಬಂದರು. ಬಜಗೋಳಿಯಲ್ಲಿ ಇಳಿದು, ಘಟ್ಟದ ಬುಡದ ಕಾಡಿನೊಳಗೆ ಹೊಕ್ಕೆವು. ಉಂಬಳ ಹತ್ತಿ ರಕ್ತ ಹೀರಿದರೆ, "ಕೆಟ್ಟ ರಕ್ತ ಹೋಗಲಿ ಬಿಡಿ, ಆಸ್ಪತ್ರೆಯಲ್ಲಿ ಇದಕ್ಕೆಲ್ಲ ಸೂಜಿ ಬೇಕು" ಎಂದು ಸಮಾಧಾನ ಹೇಳಿದರು. ಮಧ್ಯಾಹ್ನ ಒಂದು ಹಾಸುಬಂಡೆಯ ಮೇಲೆ ಊಟ. ಎಲ್ಲರ ಬುತ್ತಿಯೂ ಎಲ್ಲರಿಗೂ. ಸಾಹೇಬರ ಮನೆಯ ಅಕ್ಕಿರೊಟ್ಟಿಗೆ ಮಾಷ್ಟ್ರು ತಮ್ಮ ಮನೆಯ ಉಪ್ಪಿನಕಾಯಿ ಹಚ್ಚಿಕೊಂಡು ತಿಂದರು. ಮನೆಯಲ್ಲಿ ಹೇಳಬಾರದೆಂದು ನಮ್ಮಿಂದ ಮಾತು ತೆಗೆದುಕೊಂಡರು.

ಸಂಜೆ ನಾಲ್ಕಕ್ಕೆ ಬಜಗೋಳಿಗೆ ಮರಳಿ, ಮಾವ್ಶಿ ಎಣಿಸಿದರು. ಮತ್ತೆ ಎಣಿಸಿದರು. ಅವರ ಮುಖ ಬಿಳಿಚಿಕೊಂಡದ್ದನ್ನು ನಾನು ಕಂಡದ್ದು ಅದೇ ಮೊದಲು.

"ಪುತಾ, ನೀನು ಎಣಿಸು."

ಎಣಿಸಿದೆ. ಹನ್ನೆರಡು!

ಒಬ್ಬರು ಕಡಿಮೆಯಾದರೆ ಎಂತ ಮಾಡಬೇಕೆಂದು ನಾನು ಎಷ್ಟೋ ಸಲ ಯೋಚಿಸಿಟ್ಟಿದ್ದೆ. ಒಬ್ಬರು ಜಾಸ್ತಿಯಾದರೆ? ಮಾಷ್ಟ್ರು ಕೂಡಲೇ, ಕಾಡಿನಲ್ಲಿ ಮನುಷ್ಯರ ರೂಪದಲ್ಲಿ ಜೊತೆಗೂಡುವ ಶಕ್ತಿಗಳ ಬಗ್ಗೆ ವಿವರಿಸಲು ಶುರುಮಾಡಿದರು. ಮದುಮಗಳ ಅಜ್ಜಿ ಶಿಲುಬೆಯ ಗುರುತು ಹಾಕಿಕೊಂಡರು. ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದು ಯಾರದೋ ಕಾಲು ತುಳಿದರು. ತುಳಿಸಿಕೊಂಡವರು ತಲೆಗೆ ಅಡಿಕೆ ಹಾಳೆಯ ಟೋಪಿ ಇಟ್ಟುಕೊಂಡ, ಒಣಕಲು ಮೈಯ ಒಬ್ಬ ಅಜ್ಜ. ಅವರ ಹೆಗಲಲ್ಲಿ ನಮ್ಮ ಖಾಲಿ ಬುತ್ತಿಗಳ ಚೀಲ!

"ನೀವು ಯಾರು ಮಾರಾಯ್ರೇ?" ಎಂದು ಸಾಹೇಬರು ಕೂಗಿದರು.

"ನೀವು ಯಾರು?" ಎಂದು ಅಜ್ಜ ಅಷ್ಟೇ ಆಶ್ಚರ್ಯದಿಂದ ಕೇಳಿದರು.

ಬೆಳಿಗ್ಗೆ ಹನ್ನೊಂದಕ್ಕೆ ಸಾಲಿನ ಕೊನೆಗೆ ಸೇರಿಕೊಂಡಿದ್ದರಂತೆ. ನಮ್ಮೊಡನೆ ಉಂಡಿದ್ದರು. ಎರಡು ಸಲ ನಾಡಿಯನ್ನೂ ತೋರಿಸಿದ್ದರು! ನಾಡಿ ಹಿಡಿಯುವಾಗ ಮಾವ್ಶಿ ನೋಡುವುದು ಗಡಿಯಾರವನ್ನೇ ಹೊರತು ಮುಖವನ್ನಲ್ಲ. ಮಾವ್ಶಿ ಹಣೆ ಚಚ್ಚಿಕೊಂಡರು. "ಆ ಎಪ್ಪತ್ತೆರಡರ ನಾಡಿ ನಿಮ್ಮದಾ! ಅಷ್ಟು ಒಳ್ಳೆಯ ನಾಡಿ ನಮ್ಮವರಲ್ಲಿ ಯಾರದ್ದೂ ಅಲ್ಲ ಅಂತ ನನಗೆ ಆಗಲೇ ಗೊತ್ತಾಗಬೇಕಿತ್ತು!"

"ನಮ್ಮ ಜೊತೆ ಯಾಕೆ ಬಂದಿರಿ?" ಎಂದು ಸಾಹೇಬರು ಅಜ್ಜನನ್ನು ಕೇಳಿದರು.

"ನನ್ನ ದನ ಕಾಣೆಯಾಗಿತ್ತು, ಹುಡುಕ್ಲಿಕ್ಕೆ ಬಂದದ್ದು. ನಿಮ್ಮನ್ನು ನೋಡಿದರೆ ನೀವೂ ಎಂತದೋ ಕಳೆದುಕೊಂಡವರ ಹಾಗೆ ಕಂಡಿರಿ. ಒಟ್ಟಿಗೆ ಹುಡುಕುವ ಅಂತ ಬಂದೆ. ಇಷ್ಟು ಪ್ರಾಯದವರು ಸುಮ್ಮನೆ ಯಾರಾದರೂ ಕಾಡಿಗೆ ಬರುತ್ತಾರಾ?"

ಅಷ್ಟರಲ್ಲಿ ಅಜ್ಜನ ಮಗ ಇಬ್ಬರನ್ನು ಕಟ್ಟಿಕೊಂಡು ಓಡುತ್ತ ಬಂದ. ಅಪ್ಪನನ್ನು ಕಂಡು ಅಳಬೇಕೋ ಬೈಯಬೇಕೋ ತಿಳಿಯದೆ ನಿಂತುಬಿಟ್ಟ. "ದನ ಹನ್ನೊಂದೂವರೆಗೇ ಮನೆಗೆ ಬಂದಿದೆ! ಅಪ್ಪನೇ ಇಲ್ಲ!" ಎಂದ. ಅಜ್ಜ ಚೀಲವನ್ನು ಮಾವ್ಶಿಯ ಕೈಗೆ ಕೊಟ್ಟು, "ಮುಂದಿನ ಸಲ ಯಾವಾಗ?" ಎಂದು ಕೇಳಿದರು. ಆಮೇಲೆ ದನ ಕಾಣೆಯಾಗದಿದ್ದರೂ ಬರುತ್ತಿದ್ದರು.

ಹೀಗೆ ನಾಲ್ಕು ವರ್ಷ. ಸಾಹೇಬರ ನಾಡಿ ನಿಧಾನಕ್ಕೆ ಮನುಷ್ಯರ ನಾಡಿಯಾಯಿತು. ಮಾಷ್ಟ್ರು ಪ್ರಾಣ ಬಿಡುವ ಮಾತನ್ನು ಬಿಟ್ಟರು. ನನ್ನ ಹೊಟ್ಟೆ ಕೂಡ ನಲವತ್ತಕ್ಕೆ ಇಳಿಯಿತು.

ಮಾವ್ಶಿ ಕೊನೆಯ ಸಲ ಹೋದದ್ದೂ ಅದೇ ಘಟ್ಟದ ಬುಡಕ್ಕೆ, ಜನವರಿಯಲ್ಲಿ. ಹೀಗೆಂದರೆ ನೀವು ನಂಬಲಿಕ್ಕಿಲ್ಲ, ಅಷ್ಟೂ ವರ್ಷ ಯಾರಿಗೂ ಒಂದು ಪೆಟ್ಟೂ ಆಗಿರಲಿಲ್ಲ. ಬಿದಿರು ಮೆಳೆ ದಾಟಿ, ಒಂದು ಗಂಟೆ ಏರಿ, ಒಂದು ತೊರೆಯ ಬಳಿ ನಿಂತೆವು. ಉಳಿದವರು ತುಸು ಹಿಂದಿದ್ದರು. ನನ್ನ ಕಣ್ಣು ನೆಲದ ಮೇಲೆ ಬಿತ್ತು. ಬಂಡೆಯ ಮೇಲೆ ಕೆಂಪು ಹೆಜ್ಜೆ ಗುರುತುಗಳು.

"ಮಾವ್ಶಿ, ರಕ್ತ!"

"ಯಾರಿಗೆ?" ಎಂದು ತಟ್ಟನೆ ಚೀಲದಿಂದ ಹತ್ತಿ ತೆಗೆದು, ಹಿಂದೆ ಬರುತ್ತಿದ್ದವರ ಕಾಲುಗಳನ್ನೆಲ್ಲ ನೋಡತೊಡಗಿದರು. "ಸಾಹೇಬರಿಗಾ? ಮಾಷ್ಟ್ರಿಗಾ?"

"ನಿಮಗೆ ಮಾವ್ಶಿ."

ಅವರು ಬಗ್ಗಿ ನೋಡಿದರು. ಎಡಗಾಲಿನ ಬಿಳಿ ಶೂ ಅರ್ಧ ಕೆಂಪಾಗಿತ್ತು. ಅಡಿಯಿಂದ ಬೆರಳುದ್ದದ ಬಿದಿರಿನ ಮುಳ್ಳು ಚುಚ್ಚಿ ಒಳಗೆ ಹೋಗಿತ್ತು. ಒಂದು ಗಂಟೆ ಅದರ ಮೇಲೆಯೇ ನಡೆದಿದ್ದರು!

"ನೋವಾಗಲಿಲ್ಲವಾ?"

ಮಾವ್ಶಿ ಬಂಡೆಯ ಮೇಲೆ ಕೂತು, ಬೇರೆ ಯಾರದೋ ಕಾಲೆಂಬಂತೆ ಶೂ ಬಿಚ್ಚಿ, ಮುಳ್ಳು ಕಿತ್ತು, ಹತ್ತಿ ಒತ್ತಿ ಹಿಡಿದರು. "ಅವರಿಗೆ ಹೇಳಬೇಡ" ಎಂದರು. "ಸಕ್ಕರೆ ಕಾಯಿಲೆ ಪುತಾ. ಎರಡು ವರ್ಷ ಆಯ್ತು, ಪಾದದಲ್ಲಿ ಎಂತದೂ ಗೊತ್ತಾಗುವುದಿಲ್ಲ. ಕಲ್ಲೂ ಒಂದೇ, ಹುಲ್ಲೂ ಒಂದೇ."

"ನೀವು ನರ್ಸು! ನಿಮಗೆ ಗೊತ್ತಿಲ್ಲವಾ ಇದು ಎಷ್ಟು ಅಪಾಯ ಅಂತ?"

"ಗೊತ್ತುಂಟು. ಅದಕ್ಕೇ ಬೇಗಬೇಗ ನಡೆದು ಮುಗಿಸುವುದು."

ಅಷ್ಟರಲ್ಲಿ ಉಳಿದವರು ಬಂದು ಸುತ್ತ ನಿಂತಿದ್ದರು. ಮುಚ್ಚಿಡಲು ಏನೂ ಉಳಿದಿರಲಿಲ್ಲ. ಆ ದಿನ ಮಾವ್ಶಿ ನನ್ನ ಮತ್ತು ಸಾಹೇಬರ ಹೆಗಲ ಮೇಲೆ ಕೈ ಹಾಕಿ ಇಳಿದರು. ಗಾಯ ಮಾಯಲು ಮೂರು ತಿಂಗಳು ಬೇಕಾಯಿತು. ಕಾಲು ಉಳಿಯಿತು, ಆದರೆ ಮತ್ತೆ ಗುಡ್ಡ ಹತ್ತಲಿಲ್ಲ. ತಂಡ ಮಾತ್ರ ನಿಲ್ಲಲಿಲ್ಲ. ಪ್ರತಿ ಸಲವೂ ಕಾಡಿನಿಂದ ಇಳಿದವರು ನೇರ ನಮ್ಮ ಜಗಲಿಗೆ ಬಂದು ಕೂತು, ಕಂಡದ್ದನ್ನೆಲ್ಲ ಮಾವ್ಶಿಗೆ ಹೇಳಿ ಮನೆಗೆ ಹೋಗುತ್ತಿದ್ದರು.

ಆದರೆ ನನ್ನ ಮನಸ್ಸು ಇಂದಿಗೂ ನಿಲ್ಲುವುದು ಆ ತೊರೆಯ ಬಳಿಯೇ. ಇಳಿಯುವ ಮೊದಲು ಗಾಯದ ಕಾಲಿಗೆ ಬಟ್ಟೆ ಕಟ್ಟಿ ಮುಗಿಸಿದ ಮಾವ್ಶಿ, ಇನ್ನೊಂದು ಶೂವನ್ನೂ ಬಿಚ್ಚಿ ಬಲಗಾಲನ್ನು ನೀರಿಗೆ ಇಳಿಬಿಟ್ಟರು. ನೀರು ಅವರ ಪಾದವನ್ನು ಬಳಸಿಕೊಂಡು ಹರಿಯಿತು. ಅವರು ಅದನ್ನೇ ನೋಡುತ್ತ ಕೂತರು. ಆಮೇಲೆ ನನ್ನತ್ತ ತಿರುಗಿ, ಯಾವತ್ತೂ ಇಲ್ಲದ ಸಣ್ಣ ದನಿಯಲ್ಲಿ ಕೇಳಿದರು:

"ತಣ್ಣಗುಂಟಾ ಪುತಾ?"

ಸಾಹೇಬರು ಚಪ್ಪಲಿ ಕಳಚಿ, ಪಂಚೆ ಎತ್ತಿ, ಅವರ ಪಕ್ಕದಲ್ಲಿ ಕೂತು ನೀರಿಗೆ ಕಾಲಿಟ್ಟರು. ಮಾಷ್ಟ್ರು ಇಟ್ಟರು. ಮದುಮಗಳ ಅಜ್ಜಿ ಸೀರೆಯ ಅಂಚು ಹಿಡಿದುಕೊಂಡು ಇಟ್ಟರು. ಒಬ್ಬೊಬ್ಬರಾಗಿ ಎಲ್ಲರೂ ಇಟ್ಟರು.

"ಭಾರೀ ತಣ್ಣಗುಂಟು ಬಾಯಮ್ಮಾ" ಎಂದರು ಸಾಹೇಬರು. "ಬೆರಳ ಸಂದಿಯಲ್ಲೆಲ್ಲ ಕಚಗುಳಿ ಇಟ್ಟ ಹಾಗೆ."

ಮಾವ್ಶಿ ಕಣ್ಣು ಮುಚ್ಚಿಕೊಂಡರು.

"ಹೌದಾ?" ಎಂದರು. "ಇನ್ನೂ ಹೇಳಿ."