ದ್ರಾಕ್ಷಿಗೊಂಚಲಿನ ಜಿಪ್ ಪೌಚು

ಹೆಂಡತಿ ಚೀಲ ಹೊಲಿದರೆ ಗಂಡನಿಗೇನು ಕಷ್ಟ ಎಂದು ನೀವು ಕೇಳಬಹುದು. ಕ್ಯಾಂಟೀನ್ ಯಜಮಾನರನ್ನು ಕೇಳಿ ನೋಡಿ. ಅವರ ಧರ್ಮಪತ್ನಿ ಆಸ್ಪತ್ರೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್. ಮೈಕ್ರೋಸ್ಕೋಪಿನಲ್ಲಿ ಕಂಡ ಬ್ಯಾಕ್ಟೀರಿಯಾಗಳ ಫೋಟೋ ತೆಗೆದು, ಬಟ್ಟೆಯ ಮೇಲೆ ಅಚ್ಚು ಹಾಕಿಸಿ, ಜಿಪ್ ಪೌಚು ಹೊಲಿಯುವುದು ಆಕೆಯ ಹೊಸ ಹುಚ್ಚು. ಈಗ ಯಜಮಾನರ ಕನ್ನಡಕ ಒಂದು ಕ್ರಿಮಿಯೊಳಗೆ, ಹಲ್ಲುಜ್ಜುವ ಬ್ರಷ್ಷು (ದೇವರೇ ಗತಿ!) ಇನ್ನೊಂದು ಕ್ರಿಮಿಯೊಳಗೆ.

"ಇದನ್ನ ಮುಟ್ಟಿದ ಮೇಲೆ ಕೈ ತೊಳೀಬೇಕಾ, ಬೇಡ್ವಾ?"

"ಅದು ಬರೀ ಫೋಟೋ ಕಣ್ರೀ! ಎಲ್ಲಿ ಸಿಕ್ಕಿದ್ದು ಗೊತ್ತಾ..."

"ಆಮೇಲೆ ಹೇಳು, ಮೊದಲು ಸೋಪು ಕೊಡು."

ಹೀಗಿರುವಾಗ ಕ್ಯಾಂಟೀನಿನ ಲೈಸೆನ್ಸು ನವೀಕರಣಕ್ಕೆ ಬಂತು. ಆರೋಗ್ಯ ಇನ್‌ಸ್ಪೆಕ್ಟರ್ ಮೇಡಂ ಸಹಿ ಹಾಕದಿದ್ದರೆ ಸಂಸಾರವೇ ಬೀದಿಗೆ ಬೀಳುತ್ತದೆ. ಯಜಮಾನರು, ತಪಾಸಣೆಗೆ ಬರುವ ಮೇಡಂ ಅವರನ್ನು ಬರಿಗೈಯಲ್ಲಿ ಕಳಿಸುವುದು ಚೆನ್ನಾಗಿರುವುದಿಲ್ಲವೆಂದು (ಲಂಚವಲ್ಲ, ಬರೀ ಮರ್ಯಾದೆ) ನೇರಳೆ ದ್ರಾಕ್ಷಿಗೊಂಚಲಿನಂಥ ಚಿತ್ರವಿದ್ದ ಪೌಚೊಂದನ್ನು ಆರಿಸಿ, ಅದನ್ನು ಮನೆಯಲ್ಲೇ ಮರೆತು ಬಂದು, ಹೆಂಡತಿಗೆ ಫೋನ್ ಮಾಡಿ ತರಿಸಿದರು.

ಆಕೆ ಬರುವ ಹೊತ್ತಿಗೆ ಮೇಡಂ ಫಳಫಳ ಹೊಳೆಯುವ ಪಾತ್ರೆಗಳನ್ನು ನೋಡಿ ಖುಷಿಯಾಗಿ, ಸಹಿ ಮಾಡಲು ಪೆನ್ನಿನ ಮುಚ್ಚಳ ತೆಗೆದಿದ್ದರು. ಯಜಮಾನರು ಪೌಚನ್ನು ಎರಡೂ ಕೈಯಲ್ಲಿ ಒಪ್ಪಿಸಿದರು.

"ಉಡುಗೊರೆ ಎಲ್ಲ ತಗೊಳ್ಳೋ ಹಾಗಿಲ್ಲ..." ಎನ್ನುತ್ತಿದ್ದ ಮೇಡಂ ಕಣ್ಣರಳಿಸಿದರು. "ಅರೆ, ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾ! ಕಾಲೇಜಲ್ಲಿ ನೋಡಿದ್ದು. ಎಷ್ಟು ಚೆನ್ನಾಗಿ ಬಂದಿದೆ! ಸ್ಯಾಂಪಲ್ ಎಲ್ಲೀದು?"

ಹೆಂಡತಿ ಗಂಡನತ್ತ ಕಣ್ಣು ಮಿಟುಕಿಸಿದಳು, ತುಟಿ ಕಚ್ಚಿದಳು. ಯಜಮಾನರಿಗೆ ತಲೆಬುಡ ಅರ್ಥವಾಗಲಿಲ್ಲ. ಯಾವುದೋ ಅಂಗಡಿಯ ಮಾಲು ಎಂದು ಮೇಡಂಗೆ ಅನುಮಾನ ಬಂದರೆ ಏನು ಗತಿ?

"ಎಲ್ಲಾ ನಮ್ಮದೇ ಮೇಡಂ! ಹೊರಗಿಂದ ಒಂದು ಚೂರೂ ತಂದಿಲ್ಲ. ಹೇಳೇ, ಅದಕ್ಯಾಕೆ ನಾಚಿಕೆ?"

"ಬೇಡ ಬಿಡ್ರೀ..."

"ಹೇಳು ಅಂದ್ರೆ!"

"ಇಲ್ಲಿ ಟೇಬಲ್ ಒರೆಸೋ ಬಟ್ಟೆಯಿಂದ ತೆಗೆದಿದ್ದು ಮೇಡಂ."

ಪೆನ್ನು ಅಲ್ಲೇ ನಿಂತಿತು. ಹೆಂಡತಿ ಕ್ಯಾಂಟೀನಿಗೆ ಬಂದಾಗಲೆಲ್ಲ ಹತ್ತಿ ಸುತ್ತಿದ ಕಡ್ಡಿಯಿಂದ ಮೂಲೆಮೂಲೆ ಸವರುತ್ತಿದ್ದುದು ಯಜಮಾನರಿಗೆ ನೆನಪಾಯಿತು. ಪಾಪ, ಸ್ವಚ್ಛ ಮಾಡಿಕೊಡುತ್ತಿದ್ದಾಳೆ ಎಂದು ಆಗ ಅವರು ಕರಗಿಹೋಗಿದ್ದರು.

"ಇದು ಒಳ್ಳೇ ಜಾತೀದೋ, ಕೆಟ್ಟದ್ದೋ?" ಎಂದು ಪಿಸುಗುಟ್ಟಿದರು.

"ಹೊಟ್ಟೆ ಕೆಡಿಸೋದು."

ಮೇಡಂ ಮಾತ್ರ ಬಹಳ ಮೃದುವಾಗಿ, "ನಿಮ್ಮ ಕೆಲಸ ಅದ್ಭುತ ಕಣಮ್ಮ. ಬೇರೆ ಡಿಸೈನೂ ಇದೆಯಾ?" ಎಂದರು.

ಆಕೆಯ ಕೈಕೆಲಸವನ್ನು ಆವರೆಗೆ ಯಾರೊಬ್ಬರೂ ಹೊಗಳಿರಲಿಲ್ಲ. ಗಂಡ, ಲೈಸೆನ್ಸು, ಎಲ್ಲ ಒಂದೇ ಏಟಿಗೆ ಮರೆತುಹೋಯಿತು.

"ಇದೆ ಮೇಡಂ! ತರಕಾರಿ ಹಚ್ಚೋ ಮಣೆಯದು ಗುಲಾಬಿ ಕಡ್ಡಿಗಳು, ನೀರಿನ ಡ್ರಮ್ಮಿಂದು ಬಾಲ ಇರೋವು, ಇವರ ಉಗುರಿಂದಂತೂ ನೋಡಬೇಕು ನೀವು..."

ಮೇಡಂ ಅವರ ಪೆನ್ನು ಓಡತೊಡಗಿತು, ಲೈಸೆನ್ಸಿನ ಮೇಲಲ್ಲ, ಕ್ಯಾಂಟೀನು ಮುಚ್ಚಿಸುವ ಆದೇಶದ ಮೇಲೆ. ಯಜಮಾನರು ಎರಡೂ ಕೈಗಳನ್ನು ಮೆಲ್ಲಗೆ ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು.